ನರಕೋಶದ ಚಿತ್ರಕಾರ ಕಹಾಲ್

ನರಮಂಡಲದ ಪಾಠದಲ್ಲಿ ಶುಶ್ರೂಷಾ ವಿದ್ಯಾರ್ಥಿಗಳು ಬರೆದು ಕಲಿಯುವ ನರಕೋಶದ ಚಿತ್ರದ ಹಿಂದೆ ಸ್ಪೇನ್ ದೇಶದ ಸಾಂಟಿಯಾಗೊ ರಾಮೋನ್ ಇ ಕಹಾಲ್ ಅವರ ಬಾಳ ದುಡಿಮೆಯಿದೆ.

1852ರಲ್ಲಿ ಜನಿಸಿದ ಕಹಾಲರಿಗೆ ಬಾಲ್ಯದಲ್ಲಿ ಚಿತ್ರಕಲೆಯ ಹಂಬಲವಿತ್ತು. ವೈದ್ಯರಾಗಿದ್ದ ತಂದೆಗೆ ಅದು ಒಪ್ಪಿಗೆಯಾಗಲಿಲ್ಲ. ಮುಂದೆ ತಂದೆಯೇ ಎಲುಬುಗಳ ಪಾಠ ಹೇಳತೊಡಗಿದಾಗ ಆ ಕಲೆಯೇ ಅಂಗರಚನಾಶಾಸ್ತ್ರದ ಸಾಧನವಾಯಿತು. 1873ರಲ್ಲಿ ವೈದ್ಯಪದವಿ ಪಡೆದು, ಕ್ಯೂಬಾದಲ್ಲಿ ಸೇನಾವೈದ್ಯರಾಗಿ ದುಡಿದು, ಮಲೇರಿಯಾದಿಂದ ಬಳಲಿ ಸ್ವದೇಶಕ್ಕೆ ಮರಳಿದರು.

ನರಮಂಡಲವು ಕಡಿವಿಲ್ಲದ ಒಂದೇ ಬಲೆ ಎಂಬುದು ಅಂದಿನ ಪ್ರಬಲ ಮತ. ಇಟಲಿಯ ಕಾಮಿಲ್ಲೊ ಗಾಲ್ಜಿಯವರು ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಬಣ್ಣ ಕಟ್ಟುವ ವಿಧಾನವನ್ನು ಕಂಡುಹಿಡಿದಿದ್ದರು. ಅದನ್ನು ಸುಧಾರಿಸಿ ಹಕ್ಕಿಗಳ ಕಿರುಮೆದುಳನ್ನು ಪರೀಕ್ಷಿಸಿದ ಕಹಾಲರು, ಪ್ರತಿಯೊಂದು ನರಕೋಶವೂ ಬಿಡಿಯಾದುದು, ಒಂದು ಇನ್ನೊಂದರ ಸನಿಹಕ್ಕೆ ಬರುವುದೇ ಹೊರತು ಅದರಲ್ಲಿ ಬೆರೆಯದು ಎಂದು 1888ರಲ್ಲಿ ಸಾರಿದರು.

ಸಾರಿದ್ದು ಸ್ವಂತ ಹಣದಿಂದ ಹೊರತಂದ ಸ್ಪ್ಯಾನಿಶ್ ಪತ್ರಿಕೆಯಲ್ಲಿ. ಅದನ್ನು ಓದಬಲ್ಲ ವಿಜ್ಞಾನಿಗಳು ಹೊರಗೆ ವಿರಳ. ಆದುದರಿಂದ 1889ರಲ್ಲಿ ಅವರು ಬರ್ಲಿನ್ನಿನ ವಿದ್ವತ್ಸಭೆಗೆ ಹೋಗಿ, ತಾವು ಕಂಡುದನ್ನು ಸೂಕ್ಷ್ಮದರ್ಶಕದಲ್ಲಿಯೇ ತೋರಿಸಿದರು. ಹಿರಿಯ ವಿದ್ವಾಂಸ ಕೋಲಿಕರ್ ಮನಗಂಡರು. ಕಹಾಲರನ್ನು ಓದಲೆಂದೇ ಇಳಿವಯಸ್ಸಿನಲ್ಲಿ ಸ್ಪ್ಯಾನಿಶ್ ಕಲಿತರು.

1906ರ ನೊಬೆಲ್ ಪಾರಿತೋಷಕ ಕಹಾಲ್, ಗಾಲ್ಜಿ ಇಬ್ಬರಿಗೂ ಸಂದಿತು. ಆ ವೇದಿಕೆಯಲ್ಲಿಯೂ ಗಾಲ್ಜಿ ಬಿಡಿಕೋಶಗಳ ವಾದವನ್ನು ಒಪ್ಪಲಿಲ್ಲ. 1934ರಲ್ಲಿ ಕಹಾಲ್ ನಿಧನರಾದರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ನರಕೋಶಗಳ ನಡುವಣ ತೆರಪನ್ನು ಕಾಣಿಸಿ ಅವರ ಮಾತನ್ನು ಸ್ಥಿರಪಡಿಸಿತು.

ಓದುಗರಿಲ್ಲವೆಂದು ಕಹಾಲರು ತಮ್ಮ ನುಡಿಯನ್ನು ತೊರೆಯಲಿಲ್ಲ; ತಮ್ಮ ನುಡಿಯಲ್ಲಿ ಬರೆದೆವೆಂದು ಮನೆಯಲ್ಲಿಯೇ ಕೂರಲೂ ಇಲ್ಲ. ಕನ್ನಡನಾಡಿನ ಹೊರಗಿದ್ದು ಕನ್ನಡದಲ್ಲಿ ಬರೆಯುವ ನಾವು ಗಮನಿಸಬೇಕಾದುದು ಈ ಎರಡನ್ನೂ.