ಶೇಂಗಾ ಎಣ್ಣೆಯ ಶಕ್ತಿಯನ್ನು ನಂಬಿದ್ದ ರುಡಾಲ್ಫ್ ಡೀಸೆಲ್

ಹಾವೇರಿ: ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ರೈತರ ಬಾಯಲ್ಲಿ ದಿನವೂ ಹೊರಳುವ ಹೆಸರೊಂದಿದೆ. ಟ್ರ್ಯಾಕ್ಟರಿಗೆ, ನೀರೆತ್ತುವ ಪಂಪಿಗೆ, ಗೋವಿನಜೋಳದ ರಾಶಿ ಯಂತ್ರಕ್ಕೆ ಬೇಕಾದ ಡೀಸೆಲ್ ಎಂಬುದು ಮೂಲತಃ ಎಣ್ಣೆಯ ಹೆಸರಲ್ಲ, ಒಬ್ಬ ಎಂಜಿನಿಯರ್‌ನ ಹೆಸರು. ಹೊಲದಲ್ಲಿ ಬೆಳೆದ ಎಣ್ಣೆಯಿಂದಲೂ ಎಂಜಿನ್ ಓಡಬಹುದೆಂದು ಶತಮಾನಕ್ಕೂ ಹಿಂದೆ ಹೇಳಿದ್ದ ಆ ಜರ್ಮನ್ ಎಂಜಿನಿಯರ್‌ನ ವಿಚಾರಕ್ಕೆ ಈಗ ಮೋಟಾರ್‌ಸೈಕಲ್ ರೇಸ್‌ನಲ್ಲಿ ಮರುಜೀವ ಬಂದಿದೆ.

ಬೈಕ್ ರೇಸ್‌ನ ವಿಶ್ವ ಚಾಂಪಿಯನ್‌ಷಿಪ್ ಆದ ಮೋಟೊಜಿಪಿಯಲ್ಲಿ 2024ರಿಂದ ಇಂಧನದ ಕನಿಷ್ಠ ಶೇ 40ರಷ್ಟು ಭಾಗ ಕಚ್ಚಾ ತೈಲದಂತಹ ಪಳೆಯುಳಿಕೆ ಮೂಲದ್ದಾಗಿರಬಾರದು ಎಂಬ ನಿಯಮ ಜಾರಿಗೆ ಬಂತು. 2027ರ ಋತುವಿನಿಂದ ಈ ಪ್ರಮಾಣ ಶೇ 100 ಆಗಬೇಕು, ಎಂಜಿನ್ ಗಾತ್ರವೂ 1000 ಸಿಸಿಯಿಂದ 850 ಸಿಸಿಗೆ ಇಳಿಯಬೇಕು ಎಂದು ಗೊತ್ತುಪಡಿಸಲಾಗಿದೆ. ವಿದ್ಯುತ್ ಬೈಕ್‌ಗಳಿಗೆಂದೇ 2019ರಲ್ಲಿ ಆರಂಭವಾದ ಮೋಟೊಇ ಸರಣಿ 2025ರ ಋತುವಿನೊಂದಿಗೆ ನಿಂತಿತು. ಹೀಗಾಗಿ ಜೈವಿಕ ಹಾಗೂ ಕೃತಕ ದ್ರವ ಇಂಧನಗಳ ಮೇಲಿನ ಭರವಸೆ ಹೆಚ್ಚಿದೆ. ಈ ಭರವಸೆಯ ಬೇರು ರುಡಾಲ್ಫ್ ಅವರ ಬದುಕಿನಲ್ಲಿದೆ.

ರುಡಾಲ್ಫ್ ಡೀಸೆಲ್ ಜನಿಸಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ ನಗರದಲ್ಲಿ. ತಂದೆ ತಾಯಿ ಜರ್ಮನಿಯ ಬವೇರಿಯಾ ಮೂಲದವರು. ತಂದೆ ಚರ್ಮದ ವಸ್ತುಗಳನ್ನು ತಯಾರಿಸಿ ಸಂಸಾರ ತೂಗಿಸುತ್ತಿದ್ದರು. 1870ರಲ್ಲಿ ಫ್ರಾನ್ಸ್ ಹಾಗೂ ಪ್ರಷ್ಯಾ ನಡುವೆ ಯುದ್ಧ ಸಿಡಿದಾಗ ಜರ್ಮನ್ ಕುಟುಂಬಗಳು ಪ್ಯಾರಿಸ್ ತೊರೆಯಬೇಕಾಯಿತು. ಡೀಸೆಲ್ ಕುಟುಂಬ ಲಂಡನ್ ಸೇರಿತು. ಹನ್ನೆರಡು ವರ್ಷದ ಬಾಲಕನನ್ನು ಓದಿಗಾಗಿ ಆಗ್ಸ್‌ಬರ್ಗ್‌ನ ಬಂಧುಗಳ ಮನೆಗೆ ಕಳುಹಿಸಲಾಯಿತು.

ಬಡತನದಲ್ಲಿಯೇ ಓದಿದ ರುಡಾಲ್ಫ್, ಮ್ಯೂನಿಕ್‌ನ ಪಾಲಿಟೆಕ್ನಿಕ್‌ನಲ್ಲಿ ಶೀತಲೀಕರಣ ಯಂತ್ರಗಳ ಜನಕ ಕಾರ್ಲ್ ಫಾನ್ ಲಿಂಡೆ ಅವರ ಶಿಷ್ಯರಾದರು. 1880ರಲ್ಲಿ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾಗಿ ಗುರುಗಳ ಸಂಸ್ಥೆಯಲ್ಲಿಯೇ ಉದ್ಯೋಗ ಹಿಡಿದರು. ಅಂದಿನ ಉಗಿಯಂತ್ರಗಳು ಸುಟ್ಟ ಕಲ್ಲಿದ್ದಲಿನ ಶಕ್ತಿಯಲ್ಲಿ ಸುಮಾರು ಹತ್ತನೇ ಒಂದು ಭಾಗವನ್ನಷ್ಟೇ ಕೆಲಸಕ್ಕೆ ಒದಗಿಸುತ್ತಿದ್ದವು. ಈ ಪೋಲು ಅವರನ್ನು ಕಾಡಿತು. ದುಬಾರಿ ಉಗಿಯಂತ್ರ ಕೊಳ್ಳಲಾಗದ ಸಣ್ಣ ಕುಶಲಕರ್ಮಿಗಳಿಗೂ ಎಟುಕುವಂತಹ ಎಂಜಿನ್ ರೂಪಿಸಬೇಕೆಂಬುದು ಅವರ ಹಂಬಲವಾಗಿತ್ತು.

ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ. ಹಾಗೆ ಕಾದ ಗಾಳಿಗೆ ಇಂಧನ ಸಿಂಪಡಿಸಿದರೆ ಕಿಡಿಯ ನೆರವಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ಈ ತತ್ತ್ವಕ್ಕೆ ರುಡಾಲ್ಫ್ 1893ರಲ್ಲಿ ಪೇಟೆಂಟ್ ಪಡೆದರು. ಅದೇ ವರ್ಷದ ಆಗಸ್ಟ್ 10ರಂದು ಆಗ್ಸ್‌ಬರ್ಗ್ ಕಾರ್ಖಾನೆಯಲ್ಲಿ ಮೊದಲ ಪರೀಕ್ಷೆ ನಡೆಯಿತು. ನಾಲ್ಕು ವರ್ಷಗಳ ವೈಫಲ್ಯ ಹಾಗೂ ತಿದ್ದುಪಡಿಗಳ ಬಳಿಕ, 1897ರ ಫೆಬ್ರುವರಿಯಲ್ಲಿ ನಡೆದ ಅಧಿಕೃತ ಪರೀಕ್ಷೆಯಲ್ಲಿ ಎಂಜಿನ್ ಶೇ 26.2ರಷ್ಟು ದಕ್ಷತೆ ತೋರಿತು. ಕೆಲವೇ ವರ್ಷಗಳಲ್ಲಿ ರುಡಾಲ್ಫ್ ಶ್ರೀಮಂತರ ಸಾಲಿಗೆ ಸೇರಿದರು.

ಇಲ್ಲೊಂದು ತಪ್ಪು ಕಲ್ಪನೆಯನ್ನು ತಿದ್ದಬೇಕಾಗುತ್ತದೆ. 1893ರ ಆ ದಿನ ಎಂಜಿನ್ ಶೇಂಗಾ ಎಣ್ಣೆಯಲ್ಲಿ ಓಡಿತೆಂದು ಹೇಳಿ ಆಗಸ್ಟ್ 10ನ್ನು ಜೈವಿಕ ಇಂಧನ ದಿನವಾಗಿ ಆಚರಿಸಲಾಗುತ್ತದೆ. ವಾಸ್ತವವಾಗಿ ಅಂದು ಬಳಸಿದ್ದು ಪೆಟ್ರೋಲನ್ನು. ಶೇಂಗಾ ಎಣ್ಣೆಯ ಪ್ರಯೋಗ ನಡೆದಿದ್ದು 1900ರ ಪ್ಯಾರಿಸ್ ವಿಶ್ವ ವಸ್ತುಪ್ರದರ್ಶನದಲ್ಲಿ. ಫ್ರೆಂಚ್ ಸರ್ಕಾರದ ಅಪೇಕ್ಷೆಯಂತೆ ಆಟೋ ಕಂಪನಿ ಅಲ್ಲಿ ಸಣ್ಣ ಡೀಸೆಲ್ ಎಂಜಿನ್ನನ್ನು ಶೇಂಗಾ ಎಣ್ಣೆಯಿಂದ ಓಡಿಸಿತು. ಶೇಂಗಾ ಹೇರಳವಾಗಿದ್ದ ಆಫ್ರಿಕಾದ ವಸಾಹತುಗಳಲ್ಲಿ ಸ್ಥಳೀಯ ಇಂಧನದಿಂದಲೇ ಯಂತ್ರ ನಡೆಸುವುದು ಸರ್ಕಾರದ ಉದ್ದೇಶವಾಗಿತ್ತು. ಎಂಜಿನ್ ಎಷ್ಟು ಸಲೀಸಾಗಿ ಓಡಿತೆಂದರೆ, ಇಂಧನ ಬದಲಾದದ್ದು ನೋಡಿದವರಿಗೆ ತಿಳಿಯಲೇ ಇಲ್ಲ ಎಂಬುದನ್ನು ರುಡಾಲ್ಫ್ ಅವರೇ ಮುಂದೆ ದಾಖಲಿಸಿದರು. ಸಸ್ಯತೈಲದ ಬಳಕೆ ಸದ್ಯಕ್ಕೆ ನಗಣ್ಯವೆನಿಸಿದರೂ ಕಾಲಾಂತರದಲ್ಲಿ ಕಲ್ಲಿದ್ದಲು ಹಾಗೂ ಕಲ್ಲೆಣ್ಣೆಯಷ್ಟೇ ಮಹತ್ವ ಪಡೆಯಬಹುದೆಂಬ ಆಶಯವನ್ನು 1912ರಲ್ಲಿ ಅವರು ವ್ಯಕ್ತಪಡಿಸಿದ್ದರು.

ಆದರೆ ಬದುಕು ಬೇರೆಯೇ ದಿಕ್ಕು ಹಿಡಿದಿತ್ತು. ಪೇಟೆಂಟ್ ವ್ಯಾಜ್ಯಗಳು, ಅನಾರೋಗ್ಯ ಹಾಗೂ ಕೈಸುಟ್ಟ ಹೂಡಿಕೆಗಳು ಅವರನ್ನು ಹಣ್ಣು ಮಾಡಿದವು. 1913ರ ಸೆಪ್ಟೆಂಬರ್ 29ರ ಸಂಜೆ ಆಂಟ್‌ವರ್ಪ್ ಬಂದರಿನಲ್ಲಿ ಡ್ರೆಸ್ಡೆನ್ ಎಂಬ ಹಡಗನ್ನೇರಿ ಇಂಗ್ಲೆಂಡಿನತ್ತ ಹೊರಟರು. ರಾತ್ರಿ ಊಟ ಮುಗಿಸಿ ಕೋಣೆಗೆ ತೆರಳಿದವರು ಬೆಳಿಗ್ಗೆ ಅಲ್ಲಿರಲಿಲ್ಲ. ಹಾಸಿಗೆ ಮುಟ್ಟಿದಂತಿರಲಿಲ್ಲ. ಹಲವು ದಿನಗಳ ಬಳಿಕ ಸಮುದ್ರದಲ್ಲಿ ಸಿಕ್ಕ ಶವದ ಬಳಿಯಿದ್ದ ವಸ್ತುಗಳನ್ನು ಮಗ ಗುರುತಿಸಿದರು. ಆತ್ಮಹತ್ಯೆಯೋ, ಅಪಘಾತವೋ, ಕೊಲೆಯೋ ಎಂಬ ಪ್ರಶ್ನೆ ಇಂದಿಗೂ ಇತ್ಯರ್ಥವಾಗಿಲ್ಲ. ಆಗ ಅವರ ವಯಸ್ಸು 55.

ಮುಂದೆ ಅಗ್ಗದ ಕಲ್ಲೆಣ್ಣೆ ಹರಿದುಬಂತು. ಜಗತ್ತು ರುಡಾಲ್ಫ್ ಅವರ ಎಂಜಿನ್ನನ್ನು ಅಪ್ಪಿಕೊಂಡು ಅವರ ಸಸ್ಯತೈಲದ ವಿಚಾರವನ್ನು ಮರೆಯಿತು. ಕಲ್ಲೆಣ್ಣೆಯಿಂದ ತೆಗೆದ ಇಂಧನಕ್ಕೇ ಅವರ ಹೆಸರು ಅಂಟಿಕೊಂಡದ್ದು ವಿಪರ್ಯಾಸ. ಭಾರ ಹಾಗೂ ನಿಧಾನಗತಿಯ ಕಾರಣದಿಂದ ಡೀಸೆಲ್ ಎಂಜಿನ್ ಬೈಕ್ ರೇಸ್‌ಗೆ ಒಗ್ಗಲಿಲ್ಲ. ಮೈಲೇಜಿಗೆ ಹೆಸರಾಗಿದ್ದ ಎನ್‌ಫೀಲ್ಡ್ ಡೀಸೆಲ್ ಬೈಕ್ ನಮ್ಮ ರಸ್ತೆಗಳಲ್ಲಿ ಓಡಿದ್ದುಂಟಾದರೂ ಅದು ವೇಗದ ವಾಹನವಾಗಿರಲಿಲ್ಲ. ಇಂದು ರೇಸ್ ಬೈಕ್‌ಗಳ ಟ್ಯಾಂಕ್ ಸೇರುತ್ತಿರುವುದು ಪೆಟ್ರೋಲಿನ ಗುಣದ ಹೊಸ ಇಂಧನವೇ ಹೊರತು ಶೇಂಗಾ ಎಣ್ಣೆಯಲ್ಲ. ಆದರೂ ಇಂಧನಕ್ಕೆ ನೆಲದಾಳವನ್ನೇ ನೆಚ್ಚಬೇಕಿಲ್ಲ ಎಂಬ ಮೂಲ ವಿಚಾರ ಒಂದೇ.

ಕರ್ನಾಟಕಕ್ಕೆ ಈ ವಿಚಾರ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಹಳ್ಳಿಗಳ ಡೀಸೆಲ್ ಎಂಜಿನ್‌ಗಳನ್ನು ನಡೆಸಿ ತೋರಿಸಿದರು. 2009ರಲ್ಲಿ ರಾಜ್ಯ ಸರ್ಕಾರ ಜೈವಿಕ ಇಂಧನ ನೀತಿಯನ್ನೂ ಪ್ರಕಟಿಸಿತು. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ ಶೇ 20ಕ್ಕೆ ತಲುಪಿತು. ಅದರ ಪ್ರಮುಖ ಕಚ್ಚಾವಸ್ತುಗಳಲ್ಲಿ ಗೋವಿನಜೋಳ ಅಂದರೆ ಮೆಕ್ಕೆಜೋಳವೂ ಒಂದು. ಹಾವೇರಿ ಜಿಲ್ಲೆಯ ಪ್ರಧಾನ ಬೆಳೆಯೂ ಅದೇ.

ಆದರೆ ಇಂಧನಕ್ಕೆ ಬೇಡಿಕೆ ಬಂದ ಮಾತ್ರಕ್ಕೆ ರೈತನಿಗೆ ಬೆಲೆ ದಕ್ಕುವುದಿಲ್ಲ. ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಮಾರುಕಟ್ಟೆಯಲ್ಲಿ ದರ ಕುಸಿದಾಗ, 2025ರ ನವೆಂಬರ್‌ನಲ್ಲಿ ಹಾವೇರಿ ಹಾಗೂ ಗದಗ ಭಾಗದ ಬೆಳೆಗಾರರು ಖರೀದಿ ಕೇಂದ್ರ ತೆರೆಯುವಂತೆ ಆಗ್ರಹಿಸಿ ಬೀದಿಗಿಳಿಯಬೇಕಾಯಿತು. ಸಣ್ಣವರ ಕೈಗೆ ಶಕ್ತಿ ಸಿಗಬೇಕೆಂದು ಹಂಬಲಿಸಿದ ರುಡಾಲ್ಫ್ ಅವರ ಕನಸಿನಲ್ಲಿ ಈ ಭಾಗವೊಂದು ಇನ್ನೂ ಈಡೇರದೆ ಉಳಿದಿದೆ.