ಹೈಟಿಯ ವೀರ ತೂಸಾಂ

ಹೈಟಿ ದೇಶದ ಬಡತನವನ್ನು ಕುರಿತು ಮಾತನಾಡುವವರು ಮೊದಲು ತೂಸಾಂ ಲೂವೆರ್ತ್ಯೂರನ ಚರಿತ್ರೆಯನ್ನು ಅರಿಯಬೇಕೆಂದು ನಾವು ಬಿನ್ನವಿಸುತ್ತೇವೆ.

ಫ್ರೆಂಚರ ವಶದಲ್ಲಿದ್ದ ಆ ವೆಸ್ಟ್ ಇಂಡೀಸ್ ವಸಾಹತಿನ ತೋಟವೊಂದರಲ್ಲಿ ಗುಲಾಮನಾಗಿ ಹುಟ್ಟಿದ ಆತನು, 1791ರ ಗುಲಾಮರ ದಂಗೆಯನ್ನು ಸೇರಿ ಸೇನಾನಿಯಾದನು. 1794ರಲ್ಲಿ ಫ್ರಾನ್ಸಿನ ಪ್ರಜಾಸತ್ತೆಯು ಗುಲಾಮಗಿರಿಯನ್ನು ರದ್ದುಪಡಿಸಲು, ಅದರ ಪಕ್ಷ ವಹಿಸಿ ಸ್ಪೇನಿನವರನ್ನೂ ಆಂಗ್ಲರನ್ನೂ ಹಿಮ್ಮೆಟ್ಟಿಸಿದನು. 1801ರಲ್ಲಿ ಆತನು ರಚಿಸಿದ ರಾಜ್ಯಾಂಗವು ದಾಸ್ಯವನ್ನು ಶಾಶ್ವತವಾಗಿ ನಿಷೇಧಿಸಿತು. ಆದರೂ ಬಿಡುಗಡೆ ಹೊಂದಿದವರನ್ನು ಆತನು ಬಲಾತ್ಕಾರದಿಂದ ತೋಟಗಳಲ್ಲಿಯೇ ದುಡಿಸಿದನೆಂಬುದನ್ನು ನಾವು ಮರೆಮಾಚಲಾರೆವು.

ಇದನ್ನು ಸಹಿಸದ ನೆಪೋಲಿಯನ್ನನು ದಂಡನ್ನು ಕಳುಹಿದನು. 1802ರಲ್ಲಿ ಮಾತುಕತೆಯ ನೆವದಿಂದ ತೂಸಾಂನನ್ನು ಕರೆಯಿಸಿ ಸೆರೆಹಿಡಿದರು. ಫ್ರಾನ್ಸಿನ ಜೂರಾ ಪರ್ವತದ ಕೋಟೆಯ ಚಳಿಯಲ್ಲಿ, 1803ರ ಏಪ್ರಿಲ್ 7ರಂದು, ಆತನು ಅಸುನೀಗಿದನು. ಅವನ ಜನರು ಎದೆಗುಂದಲಿಲ್ಲ. ದೆಸ್ಸಲೀನನ ಮುಂದಾಳುತನದಲ್ಲಿ ಕಾದಾಡಿ 1804ರ ಜನವರಿ 1ರಂದು ಸ್ವತಂತ್ರರಾದರು.

1825ರಲ್ಲಿ ಫ್ರಾನ್ಸು ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ತೋಟದೊಡೆಯರ ನಷ್ಟಕ್ಕೆಂದು 15 ಕೋಟಿ ಫ್ರಾಂಕುಗಳನ್ನು ವಿಧಿಸಿತು. 1838ರಲ್ಲಿ ಅದನ್ನು 9 ಕೋಟಿಗೆ ಇಳಿಸಿತು. ಅದರಿಂದ ಬೆಳೆದ ಸಾಲವು ತೀರಿದುದು 1947ರಲ್ಲಿ. ರಕ್ತವನ್ನು ತೆತ್ತು ಬಿಡುಗಡೆ ಪಡೆದವರಿಂದ ಮತ್ತೆ ಹಣವನ್ನೂ ಕಸಿದ ಈ ಲೆಕ್ಕವನ್ನು ನೋಡದೆ, ಆ ದೇಶದ ದಾರಿದ್ರ್ಯವನ್ನು ಹಳಿಯುವುದು ನ್ಯಾಯವಲ್ಲ.