ಶಿವನಸಮುದ್ರದ ಕರೆಂಟು ತಂದವರು ವಿಶ್ವೇಶ್ವರಯ್ಯನವರಾ? ಮರೆತುಹೋದ ದಿವಾನರ ಕಥೆ ಇಲ್ಲಿದೆ

ಏಷ್ಯಾದ ಮೊಟ್ಟಮೊದಲ ಜಲವಿದ್ಯುತ್ ಕೇಂದ್ರವನ್ನು ಶಿವನಸಮುದ್ರದಲ್ಲಿ ಕಟ್ಟಿಸಿದವರು ಸರ್ ಎಂ. ವಿಶ್ವೇಶ್ವರಯ್ಯ ಎಂಬ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಈ ಒಂದು ಸಾಲಿನಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು ಹೆಸರಿನದು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದದ್ದು 1902ರ ಜೂನ್ 30ರಂದು. ವಿಶ್ವೇಶ್ವರಯ್ಯನವರು ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ. 1902ರಲ್ಲಿ ಅವರಿನ್ನೂ ಬಾಂಬೆ ಪ್ರಾಂತ್ಯದ ನೌಕರಿಯಲ್ಲಿದ್ದರು. ಎರಡನೆಯದು 'ಮೊಟ್ಟಮೊದಲ' ಎಂಬ ಮಾತು. ಡಾರ್ಜಿಲಿಂಗ್ ಬಳಿಯ ಸಿದ್ರಪೊಂಗ್‌ನಲ್ಲಿ 1897ರಲ್ಲೇ ನೀರಿನಿಂದ ವಿದ್ಯುತ್ ತಯಾರಾಗುತ್ತಿತ್ತು. ಜಪಾನಿನ ಕ್ಯೋಟೊದಲ್ಲಿ 1891ರಲ್ಲೇ ಶುರುವಾಗಿತ್ತು.

ಹಾಗಾದರೆ ಶಿವನಸಮುದ್ರದ ಹಿಂದೆ ಇದ್ದವರು ಯಾರು? ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್. ಬೆಂಗಳೂರಿನ ಶೇಷಾದ್ರಿಪುರ, ಶೇಷಾದ್ರಿ ರಸ್ತೆ ಎರಡೂ ಇವರ ಹೆಸರಿನವೇ.

ಹುಟ್ಟಿದ್ದು 1845ರಲ್ಲಿ, ಈಗಿನ ಕೇರಳದ ಪಾಲಕ್ಕಾಡ್ ಕಡೆ. ಮದರಾಸಿನಲ್ಲಿ ಓದು. 1868ರಲ್ಲಿ ಮೈಸೂರಿನ ಸರ್ಕಾರಿ ಕೆಲಸಕ್ಕೆ ಸೇರಿ, ಆಮೇಲೆ ಕಾನೂನು ಪದವಿಯನ್ನೂ ಪಡೆದರು. 1883ರಲ್ಲಿ ದಿವಾನ್ ರಂಗಾಚಾರ್ಲು ತೀರಿಕೊಂಡಾಗ ಆ ಜಾಗಕ್ಕೆ ಬಂದವರು 1901ರವರೆಗೆ, ಅಂದರೆ ಸುಮಾರು 18 ವರ್ಷ, ಅಲ್ಲೇ ಇದ್ದರು. ಎಲ್ಲರ ಮೆಚ್ಚಿನ ದಿವಾನರೇನೂ ಆಗಿರಲಿಲ್ಲ. ಮದರಾಸಿನವರಿಗೇ ದೊಡ್ಡ ಹುದ್ದೆ ಕೊಡುತ್ತಾರೆ, ಯಾರ ಮಾತೂ ಕೇಳುವುದಿಲ್ಲ ಎಂಬ ದೂರು ಅವರ ಮೇಲೆ ಕೊನೆಯವರೆಗೂ ಇತ್ತು. ಕಾವೇರಿ ಜಗಳದಲ್ಲಿ ಇಂದಿಗೂ ಕೇಳಿಬರುವ 1892ರ ಮದರಾಸು ಒಪ್ಪಂದ ಆದದ್ದೂ ಅವರ ಕಾಲದಲ್ಲೇ.

ಈಗ ವಿದ್ಯುತ್ತಿನ ವಿಷಯಕ್ಕೆ ಬರೋಣ. ಕೋಲಾರದ ಗಣಿಗಳು ಆಳವಾದಷ್ಟೂ ನೀರೆತ್ತಲು, ಅದಿರು ಮೇಲೆ ತರಲು, ಕಲ್ಲು ಕುಟ್ಟಲು ಹೆಚ್ಚೆಚ್ಚು ಶಕ್ತಿ ಬೇಕಾಗುತ್ತಿತ್ತು. ಎಲ್ಲವೂ ಉಗಿಯಂತ್ರದ ಮೇಲೆ ನಡೆಯುತ್ತಿತ್ತು. ಉಗಿ ಬೇಕೆಂದರೆ ಕಲ್ಲಿದ್ದಲು ಇಲ್ಲವೇ ಸೌದೆ ಸುಡಬೇಕು. ಮೈಸೂರು ಸೀಮೆಯಲ್ಲಿ ಚಿನ್ನವಿತ್ತು, ಆದರೆ ಕಲ್ಲಿದ್ದಲು ಇರಲಿಲ್ಲ. ಅದನ್ನು ದೂರದಿಂದ ದುಡ್ಡು ಕೊಟ್ಟು ತರಿಸಬೇಕಿತ್ತು. ಇತ್ತ ಶಿವನಸಮುದ್ರದಲ್ಲಿ ಕಾವೇರಿ ಸುಮಾರು 400 ಅಡಿ ಇಳಿಯುತ್ತಾಳೆ. ಆ ಶಕ್ತಿಯನ್ನು ಗಣಿಗೆ ಮುಟ್ಟಿಸುವುದೇ ಕಷ್ಟದ ಕೆಲಸ, ಏಕೆಂದರೆ ನಡುವಿನ ದೂರ 92 ಮೈಲಿ, ಸುಮಾರು 147 ಕಿಲೋಮೀಟರ್.

ತಂತಿಯಲ್ಲಿ ವಿದ್ಯುತ್ ಹರಿಯುವಾಗ ಒಂದಷ್ಟು ಶಕ್ತಿ ಬಿಸಿಯಾಗಿ ಸೋರಿಹೋಗುತ್ತದೆ. ವೋಲ್ಟೇಜ್ ಎರಡು ಪಟ್ಟು ಮಾಡಿದರೆ ಅಷ್ಟೇ ವಿದ್ಯುತ್ ಕಳಿಸುವಾಗ ಈ ಸೋರಿಕೆ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ 35,000 ವೋಲ್ಟ್‌ನಲ್ಲಿ ಕಳಿಸುವುದೆಂದು ತೀರ್ಮಾನವಾಯಿತು. ಅಮೆರಿಕದ ನಯಾಗರಾದಿಂದ ಬಫಲೋ ನಗರಕ್ಕೆ 1896ರಲ್ಲಿ ವಿದ್ಯುತ್ ಹೋಗಿತ್ತು ನಿಜ, ಆದರೆ ಅದು ಇದರ ಮೂರನೇ ಒಂದರಷ್ಟು ದೂರವೂ ಅಲ್ಲ. (ಜಗತ್ತಿನಲ್ಲೇ ಉದ್ದದ ತಂತಿ ಮೈಸೂರಿನದು ಎಂದೂ ಕೆಲವರು ಬರೆಯುತ್ತಾರೆ. ಅದೂ ಸರಿಯಲ್ಲ. ಕ್ಯಾಲಿಫೋರ್ನಿಯಾದಲ್ಲಿ 1901ರಲ್ಲೇ 142 ಮೈಲಿಯ ತಂತಿ ಇತ್ತು.)

ರಾಜ್ಯದ ಸೇವೆಯಲ್ಲಿದ್ದ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಅವರನ್ನು ಯುರೋಪು, ಅಮೆರಿಕಕ್ಕೆ ಕಳಿಸಿ ಅಲ್ಲಿನ ಕೇಂದ್ರಗಳನ್ನು ನೋಡಿಸಲಾಯಿತು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಶರ್ ವಿಸ್‌ನವು. ಮದ್ದೂರಿನವರೆಗೆ ರೈಲು, ಅಲ್ಲಿಂದ ಮುಂದೆ ಎತ್ತಿನಗಾಡಿ ಮತ್ತು ಆನೆ!

ನಮಗೆ ಅಯ್ಯರ್ ಅವರ ಜಾಣ್ಮೆ ಹೆಚ್ಚು ಕಾಣುವುದು ಯಂತ್ರಗಳಲ್ಲಲ್ಲ, ಲೆಕ್ಕದಲ್ಲಿ. ವಿದ್ಯುತ್ ಕೇಂದ್ರಕ್ಕೆ ಖರ್ಚೆಲ್ಲ ಮೊದಲೇ ಆಗುತ್ತದೆ, ಆದಾಯ ಆಮೇಲೆ ಬರುತ್ತದೆ. ಕೊಳ್ಳುವವರೇ ಇಲ್ಲದಿದ್ದರೆ ರಾಜ್ಯದ ಬೊಕ್ಕಸವೇ ಮುಳುಗುತ್ತದೆ. ಅದಕ್ಕೇ ಗಣಿಗಳನ್ನು ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯೊಂದಿಗೆ 4,000 ಅಶ್ವಶಕ್ತಿ ಕೊಳ್ಳುವ ಮಾತು ಮೊದಲೇ ಆಯಿತು. ಇಂದು ಪಾವಗಡದ ಸೋಲಾರ್ ಪಾರ್ಕಿನಂಥ ಕಡೆ ನಡೆಯುವ ವಿದ್ಯುತ್ ಖರೀದಿ ಒಪ್ಪಂದವೂ ಇದೇ ದಾರಿಯದು. ಕೆಳಗಿನ ಮದರಾಸಿಗೂ ಹೇಳಲು ಒಂದು ಉತ್ತರವಿತ್ತು. ಟರ್ಬೈನ್ ತಿರುಗಿಸಿದ ನೀರು ಮತ್ತೆ ನದಿಗೇ ಸೇರುತ್ತದೆ, ಖರ್ಚಾಗುವುದಿಲ್ಲ.

ಕೆಲಸ ನಡೆಯುತ್ತಿರುವಾಗಲೇ, 1901ರಲ್ಲಿ, ಆರೋಗ್ಯ ಕೆಟ್ಟು ಅಯ್ಯರ್ ನಿವೃತ್ತರಾದರು. ಅದೇ ವರ್ಷ ಸೆಪ್ಟೆಂಬರ್ 13ರಂದು ತೀರಿಕೊಂಡರು. ಕೇಂದ್ರ ಶುರುವಾಗಲು ಇನ್ನೂ ಒಂಬತ್ತು ತಿಂಗಳಿತ್ತು.

ಹೊಗೆಯಿಲ್ಲದ ವಿದ್ಯುತ್ ಎಂದಮಾತ್ರಕ್ಕೆ ಎಲ್ಲವೂ ಸರಿಯಾಗಿತ್ತು ಎಂದು ನಾವು ಹೇಳುವುದಿಲ್ಲ. ತಂತಿ ಹಾದುಹೋದ ದಾರಿಯ ಹಳ್ಳಿಗಳಲ್ಲಿ ರಾತ್ರಿ ಬುಡ್ಡಿದೀಪವೇ ಉರಿಯುತ್ತಿತ್ತು. ಮೊದಲ ಪಾಲು ಬ್ರಿಟಿಷ್ ಕಂಪನಿಯ ಗಣಿಗೆ ಹೋಯಿತು. ಬೆಂಗಳೂರಿಗೆ ದೀಪ ಬಂದದ್ದು 1905ರ ಆಗಸ್ಟ್‌ನಲ್ಲಿ, ಮೈಸೂರಿಗೆ 1908ರಲ್ಲಿ. ಬೇಸಿಗೆಯಲ್ಲಿ ನದಿ ಸೊರಗಿದರೆ ಯಂತ್ರಗಳಿಗೂ ನೀರು ಸಾಲುತ್ತಿರಲಿಲ್ಲ. ಆ ಕೊರತೆ ನೀಗಲು ಮೇಲೆ ನೀರು ಹಿಡಿದಿಡಬೇಕಾಯಿತು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಒಂದು. ವಿಶ್ವೇಶ್ವರಯ್ಯನವರ ಹೆಸರು ಈ ಕಥೆಗೆ ಸೇರುವುದು ಇಲ್ಲಿ. ಸಂದೇಶ ಬರೆದವರಿಗೆ ಗೊಂದಲ ಆಗಿರುವುದೂ ಬಹುಶಃ ಇಲ್ಲೇ.

ಶಿವನಸಮುದ್ರದ ಕೇಂದ್ರ ಈಗ ಕರ್ನಾಟಕ ವಿದ್ಯುತ್ ನಿಗಮದ ಕೈಯಲ್ಲಿದೆ, ಸಾಮರ್ಥ್ಯ 42 ಮೆಗಾವ್ಯಾಟ್. ಅಯ್ಯರ್ ಅವರ ಪ್ರತಿಮೆ 1913ರಿಂದ ಕಬ್ಬನ್ ಪಾರ್ಕಿನಲ್ಲಿ, ಕೆಂಪು ಗ್ರಂಥಾಲಯದ ಮುಂದೆ ನಿಂತಿದೆ. ಆ ಸಂದೇಶ ಮತ್ತೆ ಬಂದರೆ ಹೆಸರು ತಿದ್ದಿ, 'ಏಷ್ಯಾದ ಮೊದಲ' ಎಂಬುದನ್ನು ತೆಗೆದು ಕಳಿಸಿ.